ಐನಾಪುರದ ಆಯಿಗೆ ಕೇಳಿಸಿದ್ದು

ನನ್ನನ್ನು ಯಾರಾದರೂ ಕುರಿ ಅಂದರೆ ನನಗೆ ಸೇರುವುದಿಲ್ಲ. ದೇವರ ಮಂದೆಯ ಕುರಿ ಅಂದರೂ ಅಷ್ಟೇ. ಪಾಳಕರ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳು ಹೀಗೆ ಬರೆಯಬಾರದು ಅಂತ ಗೊತ್ತಿದೆ. ನಮ್ಮ ರಾಯಬಾಗದ ಕಡೆ ಕ್ರೈಸ್ತ ಸಭೆ ನೋಡಿಕೊಳ್ಳುವವರನ್ನು ಮರಾಠಿ ರೂಢಿಯಂತೆ ಪಾಳಕರು ಅನ್ನುತ್ತಾರೆ. ಸಾಕುವವರು, ಕಾಯುವವರು ಅಂತ ಅರ್ಥ. ನಮ್ಮವರು ಪಾಳಕರು, ಅಂದ ಮೇಲೆ ಸಭೆಯವರೆಲ್ಲ ಕುರಿಗಳು, ಅದರಲ್ಲಿ ನಾನೂ ಒಂದು.

ಕುರಿ ಎಂಥ ಪ್ರಾಣಿ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಹಿಂದೆ ಒಬ್ಬ ಜೈನ ರೈತರ ಹೊಲವಿದೆ. ಕಬ್ಬು ಕಡಿದ ಮೇಲೆ ಪ್ರತಿ ವರ್ಷ ಅಲ್ಲಿಗೆ ಮಂದೆ ಬರುತ್ತದೆ. ಗೊಬ್ಬರ ಬೀಳಲಿ ಅಂತ ಹೊಲದವರು ಕೆಲವು ರಾತ್ರಿ ಕುರಿಗಳನ್ನು ಅಲ್ಲೇ ಮಲಗಿಸಿಕೊಳ್ಳುತ್ತಾರೆ, ಕುರುಬರಿಗೆ ಅದಕ್ಕೆ ಜೋಳ ಅಳೆದು ಕೊಡುತ್ತಾರೆ. ಮುಂದಿನ ಕುರಿ ಗಟಾರಕ್ಕೆ ಇಳಿದರೆ ಹಿಂದಿನವೂ ಇಳಿಯುತ್ತವೆ. ಯಾಕೆ ಇಳಿದೆವು ಅಂತ ಆಮೇಲೆ ನಿಂತು ಅರಚುತ್ತವೆ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಇದನ್ನು ನೋಡಿ ನಮ್ಮವರಿಗೆ ಹೇಳುತ್ತಿದ್ದೆ.

“ಆನಿ ಅನಬೇಕಿತ್ತು, ಹುಲಿ ಅನಬೇಕಿತ್ತು. ದೇವರಿಗೆ ನಮ್ಮನ್ನ ಹೋಲಸಾಕ ಕುರೀನ ಸಿಕ್ತೇನ್ರಿ?”

“ಆನಿಗೆ ಕಾಯಾವ ಬೇಕಾಗಿಲ್ಲಲ್ಲ,” ಅನ್ನುತ್ತಿದ್ದರು ಅವರು. ಆಮೇಲೆ ಅದನ್ನೇ ಮುಂದಿನ ಭಾನುವಾರದ ಪ್ರಸಂಗಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನ ಜಗಳದಿಂದ ಅವರಿಗೆ ಎಷ್ಟು ಪ್ರಸಂಗಗಳು ಸಿಕ್ಕಿವೆಯೋ ದೇವರಿಗೇ ಗೊತ್ತು.

ಜೋಳದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸಭೆಗಳಲ್ಲಿ ಹಿಡಿ ಜೋಳದ ಪದ್ಧತಿಯಿದೆ. ಹೆಣ್ಣುಮಕ್ಕಳು ಹಿಟ್ಟು ಹಾಕಿಸಲು ಜೋಳ ತೆಗೆಯುವಾಗ ಒಂದು ಹಿಡಿಯನ್ನು ದೇವರ ಹೆಸರಿಗೆ ಬೇರೆ ಡಬ್ಬಿಗೆ ಹಾಕುತ್ತಾರೆ. ಡಬ್ಬಿ ತುಂಬಿದಾಗ ಅದು ಚೀಲದಲ್ಲಿ ಗುಡಿಗೆ, ಅಂದರೆ ನಮ್ಮ ಚರ್ಚಿಗೆ, ಬರುತ್ತದೆ, ಗುಡಿಯಿಂದ ಪಾಳಕರ ಅಡುಗೆಮನೆಗೆ. ಹತ್ತಾರು ಮನೆಯ ಜೋಳ ಒಂದೇ ಡಬ್ಬಿಯಲ್ಲಿ ಬಿದ್ದರೆ ಏನಾಗುತ್ತದೆ ಅಂತ ರೊಟ್ಟಿ ಬಡಿಯುವವರಿಗೆ ಮಾತ್ರ ಗೊತ್ತು. ಒಂದು ಹಳೆಯದು, ಒಂದು ಹೊಸದು, ಒಂದರಲ್ಲಿ ಜಿಗಿ ಇಲ್ಲ. ಅಂಚು ಒಡೆಯದ ರೊಟ್ಟಿ ನನ್ನ ಸಂಸಾರದಲ್ಲಿ ಅಪರೂಪ. ಆದರೆ ಐನಾಪುರದಿಂದ ಬರುವ ಒಂದು ಪುಟ್ಟ ಚೀಲವನ್ನು ಮಾತ್ರ ನಾನು ಬೆರೆಸುತ್ತಿರಲಿಲ್ಲ. ಅದರಲ್ಲಿ ಒಂದು ಹರಳಿಲ್ಲ, ಒಂದು ಹೊಟ್ಟಿಲ್ಲ. ಕಳಿಸುತ್ತಿದ್ದವಳು ಕಣ್ಣು ಪೂರ್ತಿ ಹೋದ ಮುದುಕಿ. ಮೊರ ತೊಡೆಯ ಮೇಲಿಟ್ಟುಕೊಂಡು ಕಾಳು ಕಾಳನ್ನೂ ಬೆರಳಲ್ಲಿ ಮುಟ್ಟಿ ಹಸನು ಮಾಡುತ್ತಿದ್ದಳು. ಎಲ್ಲರಿಗೂ ಅವಳು ಆಯಿ, ನಮಗೂ ಆಯಿಯೇ.

ಹದಿನೈದು ದಿನಕ್ಕೊಮ್ಮೆ ನಮ್ಮವರು ಮೋಟರ್‌ಸೈಕಲ್ ಹತ್ತಿ, ಕುಡಚಿಯ ಸೇತುವೆ ದಾಟಿ, ಉಗಾರದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಐನಾಪುರಕ್ಕೆ ಹೋಗುತ್ತಿದ್ದರು. ಅಲ್ಲಿ ನಮ್ಮ ಸಭೆಯವರ ಮನೆಗಳು ಬೆರಳೆಣಿಕೆಯಷ್ಟು. ಆಯಿಯ ಮನೆಯಲ್ಲಿ ಮಾತ್ರ ಅವರು ಬಹಳ ಹೊತ್ತು ಕೂರುತ್ತಿದ್ದರು. ವಾಕ್ಯ ಓದುತ್ತಿದ್ದರು, ಹಾಡುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ನಮ್ಮವರ ದನಿ ಅಂದರೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವ ದನಿ. ಮೈಕು ಕೆಟ್ಟರೆ ನಮ್ಮ ಗುಡಿಯಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಆಯಿಗಂತೂ ಆ ದನಿಯೇ ಗುಡಿ, ಆ ದನಿಯೇ ಭಾನುವಾರ.

ಆ ದನಿಯೇ ಹೋಯಿತು.

ಮೊದಲು ಒರಟಾಯಿತು, ಆಮೇಲೆ ಅರ್ಧ ಪ್ರಸಂಗಕ್ಕೆ ಕೈಕೊಡತೊಡಗಿತು. ಈ ಭಾಗದ ಎಲ್ಲರಂತೆ ನಾವೂ ಮಿರಜಿಗೆ ಓಡಿದೆವು. ಗಂಟಲಲ್ಲಿ ಗಂಟು, ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು ಅಂದರು. ಆಪರೇಷನ್ನಿಗೆ ಮುಂಚೆ ಮೈಮೇಲಿನ ಲೋಹ ಎಲ್ಲ ತೆಗೆಯಬೇಕಂತೆ. ಮದುವೆಯಲ್ಲಿ ನಾನು ತೊಡಿಸಿದ ಉಂಗುರ ಬೆರಳು ಬಿಟ್ಟು ಬರಲೇ ಇಲ್ಲ. ನರ್ಸ್ ಸಾಬೂನು ಹಚ್ಚಿ ಎಳೆದಳು, ನಾನು ಎಳೆದೆ. ಕಡೆಗೆ ಅದರ ಮೇಲೆ ಪಟ್ಟಿ ಸುತ್ತಿ ಒಳಗೆ ಕರೆದೊಯ್ದರು. ಹೊರಗೆ ಬಂದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: ಕೆಲವು ವಾರ ಮಾತಾಡಕೂಡದು, ಪಿಸುಮಾತೂ ಕೂಡದು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ಕೂಡದು. ದನಿ ಬರಬಹುದು. ಬರದೆಯೂ ಇರಬಹುದು.

ನಮ್ಮ ಸಭೆಯವರ ಪ್ರೀತಿಯ ಬಗ್ಗೆ ಏನು ಹೇಳಲಿ. ಪಾಳಕರು ಮಾತಾಡಬಾರದು ಅಂತ ಗೊತ್ತಾದದ್ದೇ ತಡ, ನೋಡಲು ಬಂದವರೆಲ್ಲ ತಾವೇ ಪಿಸುಗುಟ್ಟತೊಡಗಿದರು. ಕೆಲವರು ಕೈಸನ್ನೆ ಮಾಡಿದರು. ಒಬ್ಬ ಹಿರಿಯರು ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು. “ಹೋಗಿದ್ದು ದನಿ ರೀ, ಕಿವಿ ಅಲ್ಲ,” ಅಂತ ನಾನು ಹೇಳಿ ಹೇಳಿ ಸೋತೆ. ಮನೆಯಲ್ಲಿ ನಮ್ಮವರು ಒಂದು ಪಾಟಿ ಇಟ್ಟುಕೊಂಡಿದ್ದರು, ಶಾಲೆಯ ಮಕ್ಕಳ ಪಾಟಿ. ಅದರ ಮೇಲೆ ಚಹಾ ಅಂತ ಬರೆದು ತೋರಿಸುತ್ತಿದ್ದರು. ಇಷ್ಟು ವರ್ಷ ಕೂಗಿ ಕೇಳುತ್ತಿದ್ದ ಚಹಾ.

ಡಾಕ್ಟರು ಹೇಳಿದ ಅವಧಿ ಮುಗಿಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಇನ್ನೂ ಕಾಯಿರಿ ಅಂದರು.

ಆಗ ನನಗೆ ಬಂದ ಸಿಟ್ಟನ್ನು ನಾನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ದೇವರು ಬೇರೆ ಯಾರದಾದರೂ ಗಂಟಲು ಹಿಡಿಯಬಹುದಿತ್ತು. ಊರಿನಲ್ಲಿ ಬಾಯಿಬಡುಕರಿಗೆ ಏನು ಕಡಿಮೆಯೇ? ಜೀವಮಾನವಿಡೀ ತನ್ನ ಹೆಸರನ್ನೇ ಸಾರಿದ ಗಂಟಲನ್ನು ಹುಡುಕಿ ಹಿಡಿದದ್ದು ಯಾವ ಕಾಯುವ ಕೆಲಸ? ಬೇರೆಯವರು ಕಷ್ಟದಲ್ಲಿ ದೇವರನ್ನು ಬೇಡಿಕೊಳ್ಳುತ್ತಾರೆ. ನಾನು ಅವನ ಜೊತೆ ಮಾತು ಬಿಟ್ಟೆ. ವಾರಗಿತ್ತಿಯ ಜೊತೆ ಮಾತು ಬಿಡುತ್ತಾರಲ್ಲ, ಹಾಗೆ. ಗುಡಿಗೆ ಹೋಗುತ್ತಿದ್ದೆ, ಕಸ ಗುಡಿಸುತ್ತಿದ್ದೆ, ಹೂವಿಡುತ್ತಿದ್ದೆ, ಆದರೆ ಒಂದು ಮಾತು ಆಡುತ್ತಿರಲಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆ ಯಾವಾಗಲೂ ನಮ್ಮವರದು. ಈಗ ಅವರು ಕಣ್ಣು ಮುಚ್ಚಿ ತುಟಿ ಆಡಿಸುವಾಗ ನಾನು ಪಲ್ಯದ ಬೋಗುಣಿಯನ್ನು ನೋಡುತ್ತ ಕೂರುತ್ತಿದ್ದೆ. ಆ ದೇವರೂ ನನಗೆ ಏನೂ ಹೇಳಲಿಲ್ಲ. ಒಂದೇ ಮನೆಯಲ್ಲಿ ಮೂವರು, ಮೂವರೂ ಮೌನ.

ಒಂದು ದಿನ ನಮ್ಮವರು ಪಾಟಿಯ ಮೇಲೆ ಬರೆದು ನನ್ನ ಮುಂದೆ ಹಿಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಲಸ ಬಿಟ್ಟುಬಿಡೋಣ, ಹಿರಿಯರಿಗೆ ತಿಳಿಸುತ್ತೇನೆ ಅಂತ. ಕೆಳಗೆ ಇನ್ನೊಂದು ಸಾಲು: ದನಿಯಿಲ್ಲದ ಕುರುಬನ ಹಿಂದೆ ಯಾವ ಕುರಿ ಬರುತ್ತದೆ?

ನಾನು ಆ ಸಾಲನ್ನು ಸೀರೆಯ ಸೆರಗಿನಿಂದ ಒರೆಸಿ ಹಾಕಿದೆ. ಒರೆಸಿದರೆ ಹೋಗುವ ಮಾತಾಗಿರಲಿಲ್ಲ ಅದು. ಕೆಲಸ ಬಿಟ್ಟರೆ ಮನೆ ಬಿಡಬೇಕು, ಅದು ನನಗೆ ದೊಡ್ಡದಲ್ಲ. ಆದರೆ ಪಾಳಕರಲ್ಲದ ನಮ್ಮವರು ಹೇಗಿರುತ್ತಾರೆ ಅಂತ ನನಗೆ ಊಹಿಸಲೂ ಆಗಲಿಲ್ಲ. ಆಗಲೇ ಅವರು ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದರು. ಬೇರೆ ಊರಿನವರು ಬಂದು ಭಾನುವಾರದ ಆರಾಧನೆ ನಡೆಸುತ್ತಿದ್ದರು, ಇವರು ಹಿಂದಿನ ಬೆಂಚಿನಲ್ಲಿ ಕೂತು ಕೈಬೆರಳಿನ ಉಂಗುರ ತಿರುಗಿಸುತ್ತಿದ್ದರು.

ಅಂಥ ಒಂದು ಭಾನುವಾರ ಐನಾಪುರದ ಪುಟ್ಟ ಚೀಲ ಬಂತು. ನಮ್ಮವರು ಅಲ್ಲಿಗೆ ಹೋಗಿ ತಿಂಗಳುಗಳಾಗಿದ್ದವು. ಆದರೂ ಆಯಿ ಹಿಡಿ ತೆಗೆಯುವುದನ್ನು ಬಿಟ್ಟಿರಲಿಲ್ಲ. ತಂದುಕೊಟ್ಟ ಹೆಣ್ಣುಮಗಳು ಹೇಳಿದಳು: “ಆಯಿ ದಿನಾ ಕೇಳ್ತಾಳ್ರಿ, ಪಾಳಕ್ರು ಯಾವಾಗ ಬರ್ತಾರ ಅಂತ. ಗಾಡಿ ಸಪ್ಪಳಾದ್ರ ಸಾಕು, ಕಿವಿ ನೆಟ್ಟಗ ಮಾಡ್ತಾಳ.”

ಮನೆಗೆ ಬಂದು ನಾನು ಚೀಲವನ್ನು ನಮ್ಮವರ ತೊಡೆಯ ಮೇಲಿಟ್ಟೆ. “ಹೋಗಿ ಬರೋಣ ನಡೀರಿ.”

ಅವರು ಆಗದು ಅಂತ ತಲೆಯಾಡಿಸಿದರು. ಪಾಟಿಯಲ್ಲಿ ಬರೆದರು: ಅವಳಿಗೆ ಕಣ್ಣಿಲ್ಲ, ನನಗೆ ದನಿಯಿಲ್ಲ. ಹೋಗಿ ಏನು ಮಾಡಲಿ?

ನಿಜವೇ. ಕಣ್ಣಿದ್ದವರಿಗೆ ಪಾಟಿ ತೋರಿಸಬಹುದು, ನಗಬಹುದು, ಕೈ ಮುಗಿಯಬಹುದು. ಆಯಿಯ ಮುಂದೆ ಮಾತಿಲ್ಲದೆ ನಿಂತರೆ ನಿಂತದ್ದೇ ಅವಳಿಗೆ ಗೊತ್ತಾಗುವುದಿಲ್ಲ. “ನಾ ಮಾತಾಡ್ತೀನಿ. ನಾ ಪ್ರಾರ್ಥನಾ ಮಾಡ್ತೀನಿ,” ಅಂದೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಮಾತು ಬಿಟ್ಟವಳು ಯಾವ ಬಾಯಲ್ಲಿ ಪ್ರಾರ್ಥನೆ ಮಾಡಲಿ? ಆದರೆ ಅವರು ಆಗಲೇ ಗಾಡಿಯ ಕೀಲಿ ಹುಡುಕುತ್ತಿದ್ದರು.

ಉಗಾರ ಬುದ್ರುಕ ದಾಟುವಾಗ ಮಂದೆಯೊಂದು ಅಡ್ಡ ಬಂತು. ಕುದುರೆಯ ಮೇಲೆ ಗಂಟುಮೂಟೆ, ಮೂಟೆಯ ಪಕ್ಕದ ಜೋಳಿಗೆಯಿಂದ ಇಣುಕುವ ಮರಿಗಳು, ಹಿಂದೆ ರಸ್ತೆ ತುಂಬ ಕುರಿ. ಹಾರ್ನ್ ಹೊಡೆದರೂ ಒಂದೂ ಕದಲಲಿಲ್ಲ. ನಾನು ಹಿಂದೆ ಕೂತು ಬೈಯುತ್ತಿದ್ದೆ. ನಮ್ಮವರು ಗಾಡಿ ಬಂದ್ ಮಾಡಿ ಕಾಲೂರಿ ಸುಮ್ಮನೆ ನೋಡುತ್ತ ನಿಂತರು.

ಐನಾಪುರದ ಆ ಓಣಿಗೆ ಗಾಡಿ ತಿರುಗುವಷ್ಟರಲ್ಲಿ ಆಯಿಯ ಸೊಸೆ ಬಾಗಿಲಲ್ಲಿದ್ದಳು. ದ್ರಾಕ್ಷಿ ತೋಟದ ಕೂಲಿಗೆ ಅವತ್ತು ಹೋಗಿರಲಿಲ್ಲ. “ಬರ್ರಿ ಬಾಯಾರ. ಗಾಡಿ ಸಪ್ಪಳಾ ಕೇಳಿ ಆಗಲೇ ಎದ್ದು ಕುಂತಾಳ.”

ಒಳಗೆ ಕಬ್ಬಿಣದ ಮಂಚದ ಮೇಲೆ ಆಯಿ ಸೆರಗು ತಲೆಗೆ ಹೊದ್ದು ಕೂತಿದ್ದಳು. ಮುಖ ಬಾಗಿಲ ಕಡೆಗೆ. “ಪಾಳಕ್ರು ಬಂದ್ರೇನು?”

“ಬಂದಾರ ಆಯಿ. ಆದ್ರ ಮಾತಾಡಾಂಗಿಲ್ಲ. ಗಂಟಲ ಆಪರೇಷನ್ ಆಗೈತಿ.”

“ಗೊತ್ತೈತಿ ತಗೋ. ಮಾತಾಡಾಂಗಿಲ್ಲ ಅಂದ್ರ ಬಾಗಲದಾಗ ಯಾಕ ನಿಂತಾರ? ಕುಂದ್ರಾಕೂ ಬರಾಂಗಿಲ್ಲೇನು?”

ನಮ್ಮವರು ಮೆಲ್ಲಗೆ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ನೆಲದ ಮೇಲೆ ಕೂತೆ. ಚಹಾ ಬಂತು, ಊರ ಮಾತು ಮುಗಿಯಿತು. ಆಯಿ ಕೈ ಜೋಡಿಸಿದಳು. ಈಗ ನಾನು ಪ್ರಾರ್ಥಿಸಬೇಕು. ಕಣ್ಣು ಮುಚ್ಚಿದೆ. ಸಾವಿರ ಸಲ ಕೇಳಿದ ಮಾತುಗಳು, ಬಾಯಿಪಾಠ ಬರುವ ಮಾತುಗಳು, ಒಂದೂ ಹೊರಗೆ ಬರಲಿಲ್ಲ. ಬಾಯಿ ತೆರೆದರೆ ಸುಳ್ಳಾಗುತ್ತದೆ ಅನ್ನಿಸಿತು. ಅದೂ ಕಣ್ಣಿಲ್ಲದ ಮುದುಕಿಯ ಮುಂದೆ.

“ನನ್ನ ಕೈಲೆ ಆಗೂದಿಲ್ಲ ಆಯಿ,” ಅಂದೆ. “ನಾ ಮಾತು ಬಿಟ್ಟೀನಿ.”

“ಯಾರ ಜೋಡಿ? ಪಾಳಕ್ರ ಜೋಡೇನು?”

“ದೇವರ ಜೋಡಿ.”

ನಮ್ಮವರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೂ ಆಗಲೇ ತಿಳಿದದ್ದು. ಸೊಸೆ ಚಹಾದ ಕಪ್ಪು ಹಿಡಿದು ನಿಂತಲ್ಲೇ ನಿಂತಳು. ಆಯಿ ಮಾತ್ರ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

“ನಾನೂ ಬಿಟ್ಟಿದ್ದೆ, ಮಗಾ ಹೋದಾಗ. ಭಾಳ ದಿನ ಬಿಟ್ಟೆ. ಕಡೀಕ ನನಗ ಬ್ಯಾಸರಾತು.” ಅಷ್ಟೇ ಹೇಳಿದಳು. ನನಗೆ ಬುದ್ಧಿಮಾತಿನ ಅಂಜಿಕೆಯಿತ್ತು, ಅದು ಬರಲಿಲ್ಲ. ಅವಳು ನಮ್ಮವರ ಕಡೆ ಮುಖ ತಿರುಗಿಸಿದಳು.

“ನಮ್ಮಪ್ಪ ಕುರಿ ಕಾಯ್ತಿದ್ದ, ಪಾಳಕ್ರ. ಯಾರದರೆ ಹೊಲದಾಗ ಕುರಿ ಮಲಗಸ್ತಿದ್ವಿ. ನಾ ಅವನ ಕಂಬಳ್ಯಾಗ ಇರ್ತಿದ್ದೆ. ಕತ್ತಲದಾಗ ಕುರಿಗೋಳು ಅಂಜತಾವ. ನಮ್ಮಪ್ಪ ಮಾತಿನ ಮನಶ್ಯಾ ಅಲ್ಲ. ಕುಂತಲ್ಲೇ ಕೈಯಾಗಿನ ಕೋಲು ನೆಲಕ್ಕ ಬಡೀತಿದ್ದ, ಟಕ್ ಅಂತ. ಆಮ್ಯಾಲೊಂದಿಷ್ಟೊತ್ತು ಬಿಟ್ಟು ಮತ್ತ ಟಕ್. ಕುರಿಗೋಳು ಮಲಗೂವು. ನಾನೂ ಮಲಗ್ತಿದ್ದೆ.” ಮಗು ಹಟ ಮಾಡುವ ಹಾಗೆ, “ನೀವೂ ಹಂಗ ಬಡೀರಿ. ಪಾಳಕ್ರು ಇಲ್ಲೇ ಅದಾರ ಅಂತ ನನಗ ಗೊತ್ತಾದ್ರ ಆತು,” ಅಂದಳು.

ನಮ್ಮವರು ನನ್ನ ಮುಖ ನೋಡಿದರು. ನಾಚಿಕೆಯಾಗಿತ್ತು ಅವರಿಗೆ. ಇಷ್ಟು ವರ್ಷ ವೇದಿಕೆಯ ಮೇಲೆ ಗುಡುಗಿದ ಮನುಷ್ಯ. ಆಮೇಲೆ ಕೈ ಚಾಚಿ, ಉಂಗುರದ ಬೆರಳಿನಿಂದ ಮಂಚದ ಕಬ್ಬಿಣಕ್ಕೆ ಮೆಲ್ಲಗೆ ಬಡಿದರು. ಟಣ್.

“ಹಾಂ,” ಅಂದಳು ಆಯಿ. ಕಾಲು ಚಾಚಿ ಮಲಗಿದಳು. ಅವರು ಬಡಿಯುತ್ತ ಕೂತರು, ಆಗೊಂದು ಈಗೊಂದು. ಹೊರಗೆ ಮಧ್ಯಾಹ್ನದ ಬಿಸಿಲು, ದೂರದಲ್ಲಿ ಯಾರದೋ ಟ್ರ್ಯಾಕ್ಟರಿನ ಹಾಡು. ಆಯಿಯ ಉಸಿರು ಭಾರವಾಯಿತು, ಬಾಯಿ ತೆರೆದುಕೊಂಡಿತು. ಪೂರ್ತಿ ನಿದ್ದೆ ಹತ್ತುವವರೆಗೂ ಅವರು ಎದ್ದೇಳಲಿಲ್ಲ.

ಹಿಂದಿರುಗುವಾಗ ಕುಡಚಿಯ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದರು. ಕೃಷ್ಣೆಯನ್ನು ನೋಡುತ್ತ ಬಹಳ ಅತ್ತರು. ನಾನೂ ಅತ್ತೆ. ನನ್ನ ಗಂಡನಿಗಾಗಿ ಅತ್ತೆ, ದೇವರಿಗಾಗಿ ಅಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇತ್ತು. ಆದರೆ ಒಂದು ವಿಚಾರ ಮಾತ್ರ ಅವತ್ತಿನಿಂದ ತಲೆಯೊಳಗೆ ಕೂತುಬಿಟ್ಟಿತು. ಕಾಯುವವನು ಸುಮ್ಮನಿದ್ದಾನೆ ಅಂದರೆ ಎದ್ದು ಹೋಗಿದ್ದಾನೆ ಅಂತ ನಾನು ತಿಳಿದಿದ್ದೆ. ಕತ್ತಲಲ್ಲಿ ಮಾತಿಲ್ಲದೆ ಎಚ್ಚರ ಕೂತಿರುವವನೂ ಇರುತ್ತಾನೆ ಅಂತ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಜಗಳಗಂಟಿಯರಿಗೆ ಸೋಲುವುದು ತಡ.

ಮನೆಗೆ ಬಂದ ಮೇಲೆ ನಮ್ಮವರು ಕೆಲಸ ಬಿಡುವ ಮಾತನ್ನು ಮತ್ತೆ ಬರೆಯಲಿಲ್ಲ. ಮನೆಮನೆಗೆ ಹೋಗತೊಡಗಿದರು, ಪಾಟಿಯನ್ನೂ ಒಯ್ಯದೆ. ಹೋಗಿ ಕೂರುತ್ತಿದ್ದರು, ಅಷ್ಟೇ. ಜನ ಮೊದಮೊದಲು ಮುಜುಗರಪಟ್ಟರು, ಆಮೇಲೆ ತಾವೇ ಮಾತಾಡತೊಡಗಿದರು. ಮುಂಚೆ ಪಾಳಕರು ಬಂದರೆ ಜನ ಕೇಳಿಸಿಕೊಳ್ಳಬೇಕಿತ್ತು, ಈಗ ಪಾಳಕರು ಕೇಳಿಸಿಕೊಳ್ಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಇಷ್ಟು ವರ್ಷ ಮುಚ್ಚಿಟ್ಟ ಸಂಕಟ ಆಗ ಹೊರಬಿತ್ತು. ಹಿಡಿ ಜೋಳ ಎಂದಿನಂತೆ ಬರುತ್ತಿತ್ತು, ನನ್ನ ರೊಟ್ಟಿಯ ಅಂಚು ಎಂದಿನಂತೆ ಒಡೆಯುತ್ತಿತ್ತು. ಐನಾಪುರಕ್ಕೂ ತಪ್ಪದೆ ಹೋಗುತ್ತಿದ್ದೆವು. ಅಲ್ಲಿ ಪ್ರಾರ್ಥನೆಯೂ ಇಲ್ಲ, ಪ್ರಸಂಗವೂ ಇಲ್ಲ, ಉಂಗುರದ ಸದ್ದು ಮಾತ್ರ. ಆಯಿಯೂ ನನ್ನನ್ನು ಪ್ರಾರ್ಥನೆ ಮಾಡು ಅನ್ನಲಿಲ್ಲ. ಹೊರಡುವಾಗ ಒಮ್ಮೊಮ್ಮೆ ನನ್ನ ಕಿವಿಯಲ್ಲಿ, “ಬ್ಯಾಸರಾತೇನ ಇನ್ನ?” ಅಂತ ಕೇಳಿ ನಗುತ್ತಿದ್ದಳು.

ಮಳೆಗಾಲ ಬಂತು, ಕೃಷ್ಣೆ ಏರಿತು, ಕುಡಚಿಯ ಸೇತುವೆ ನೀರಿನಡಿ ಹೋಯಿತು. ಹೋಗಿಬರುವುದು ನಿಂತಿತು. ಅದೇ ದಿನಗಳಲ್ಲಿ ನಮ್ಮವರ ದನಿ ಬಂತು. ಬಂತು ಅಂದರೆ, ಹಳೆಯ ದನಿಯಲ್ಲ. ತೂತುಬಿದ್ದ ಚೀಲದಿಂದ ಜೋಳ ಸೋರಿದ ಹಾಗೆ ಸಣ್ಣಗೆ, ಒರಟಾಗಿ. ಮೊದಲ ಸಲ ಅವರು ನನ್ನ ಹೆಸರು ಹಿಡಿದು ಕರೆದಾಗ ಯಾರೋ ಹೊರಗಿನವರು ಅಂತ ಹಿತ್ತಲಿಗೆ ಹೋಗಿ ನೋಡಿದೆ. ಆದರೂ ದನಿ ದನಿಯೇ. ಸಭೆಯವರು ಸಂತೋಷಪಟ್ಟರು, ಪ್ರಸಂಗ ಚಿಕ್ಕದಾಯಿತು ಅಂತ ಇನ್ನೂ ಸಂತೋಷಪಟ್ಟರು.

ಆಯಿಯ ಸೊಸೆಯ ಫೋನು ಒಂದು ಬೆಳಿಗ್ಗೆ ಬಂತು. “ಅನ್ನ ನೀರು ಬಿಟ್ಟಾಳ್ರಿ. ಮಾತು ಒಮ್ಮೊಮ್ಮೆ ಅಷ್ಟ.” ಗಾಡಿಯ ಮೇಲೆ ಹೋಗುವಂತಿರಲಿಲ್ಲ. ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಅಂಕಲಿ, ಮಿರಜ, ಕಾಗವಾಡ ಎಲ್ಲ ಸುತ್ತಿ, ಬಸ್ಸಿಂದ ಬಸ್ಸಿಗೆ ಹತ್ತಿಳಿದು ಐನಾಪುರ ಸೇರುವಷ್ಟರಲ್ಲಿ ಇಳಿಹೊತ್ತು. ಗಾಡಿಯಿಲ್ಲ, ಹಾಗಾಗಿ ಗಾಡಿಯ ಸಪ್ಪಳವೂ ಇಲ್ಲ. ಓಣಿಯಲ್ಲಿ ನಾವು ಬಂದದ್ದು ಆಯಿಗೆ ತಿಳಿಯಲಿಲ್ಲ.

ಅವಳು ಅದೇ ಮಂಚದ ಮೇಲೆ ಚಿಕ್ಕದಾಗಿ ಮಲಗಿದ್ದಳು. ಕೈ ಹೊದಿಕೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಜೋಳ ಹಸನು ಮಾಡುವ ಬೆರಳು. ನಮ್ಮವರು ಸ್ಟೂಲಿನ ಮೇಲೆ ಕೂತು, ಬಾಗಿ, ಬಂದ ದನಿಯಲ್ಲೇ ದೇವರು ನನ್ನ ಕುರುಬ ಅನ್ನುವ ಬೈಬಲಿನ ಮಾತು ಹೇಳತೊಡಗಿದರು. ಇದಕ್ಕಾಗಿಯೇ ದನಿ ತಿರುಗಿ ಬಂತು ಅಂತ ನಾನು ಅಂದುಕೊಂಡೆ.

ಆಯಿಯ ಹುಬ್ಬು ಗಂಟಾಯಿತು. ಮುಖವನ್ನು ಗೋಡೆಯ ಕಡೆಗೆ ಸರಿಸಿದಳು. “ಯಾರವರು? ಪಾಳಕ್ರು ಎಲ್ಲಿ?” ಅಂದಳು. ಅಂಜಿದ್ದಳು. “ಪಾಳಕ್ರು ಬರಲಿಲ್ಲೇನು?”

“ಇವರ ಆಯಿ, ಇವರ ಪಾಳಕ್ರು. ದನಿ ಬಂದೈತಿ ಅವರಿಗೆ,” ಅಂದೆ. ಅವಳಿಗೆ ಅದು ಮುಟ್ಟಲಿಲ್ಲ. ಮತ್ತೆ ಕೇಳಿದಳು, ಇನ್ನೂ ಸಣ್ಣ ದನಿಯಲ್ಲಿ, ಎಲ್ಲಿ ಅಂತ.

ನಮ್ಮವರ ಬಾಯಿ ತೆರೆದೇ ಇತ್ತು. ಅದು ಮೆಲ್ಲಗೆ ಮುಚ್ಚಿಕೊಂಡಿತು. ಇಷ್ಟು ತಿಂಗಳು ಕಾದು ಪಡೆದ ದನಿಯನ್ನು ಅವರು ಹಾಗೇ ಒಳಗೆ ಇಟ್ಟುಕೊಂಡರು. ಕೈ ಚಾಚಿ ಮಂಚದ ಕಬ್ಬಿಣಕ್ಕೆ ಬಡಿದರು.

ಟಣ್.

ಹುಡುಕುತ್ತಿದ್ದ ಕೈ ನಿಂತಿತು. ಅವರು ಮತ್ತೆ ಬಡಿದರು. ಹುಬ್ಬಿನ ಗಂಟು ಬಿಚ್ಚಿತು, ಮುಖ ಗೋಡೆಯಿಂದ ಈ ಕಡೆಗೆ ತಿರುಗಿತು.

“ಹಾಂ,” ಅಂದಳು ಆಯಿ. “ಅದಾರ.”

ಆಮೇಲೆ ಅವಳು ಮಾತಾಡಲಿಲ್ಲ. ಉಸಿರು ಉದ್ದವಾಯಿತು, ನಡುನಡುವೆ ನಿಂತು ಬಂತು, ಕಡೆಗೆ ಬರಲಿಲ್ಲ. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲರೂ ನಮ್ಮವರ ಪ್ರಾರ್ಥನೆಗೆ ಕಾದರು. ಅವರು ಪ್ರಾರ್ಥಿಸಲಿಲ್ಲ. ಕೇಳುವವಳು ಇಲ್ಲ ಅಂತ ತಿಳಿದೂ ಅವರ ಬೆರಳು ಬಡಿಯುವುದನ್ನು ಬಿಡಲಿಲ್ಲ.

ನಾನು ಎದ್ದು ಆಯಿಯ ತಲೆಯ ಮೇಲೆ ಕೈ ಇಟ್ಟೆ. ಬಾಯಿ ತಾನಾಗಿ ತೆರೆಯಿತು. ಅಷ್ಟು ದಿನದ ಮೇಲೆ ಅವನ ಜೊತೆ ಆಡುವ ಮೊದಲ ಮಾತು, ಚಂದ ಮಾಡಿ ಆಡಲು ನನಗೆ ಪುರಸೊತ್ತಿರಲಿಲ್ಲ.

“ದೇವ್ರ,” ಅಂದೆ, “ಆಯಿ ಮಲಗ್ಯಾಳ. ನೀ ಎಚ್ಚರಿರಪಾ.”